ಒಂದೇ ಕೈಗೆ ಬಂದ ಗುಂಡು

"ನಿಲ್ಲಿ! ಕಾಲು ಕೆಳಗಿಡಬೇಡಿ!"

ಅವಳ ಎದೆ ಧಸಕ್ಕೆಂದಿತು. ಎತ್ತಿದ ಬಲಗಾಲು ಎತ್ತಿದ ಹಾಗೆಯೇ ನಿಂತುಬಿಟ್ಟಿತು.

ಸುತ್ತ ಬಟಾಬಯಲು. ಮೊಣಕಾಲುದ್ದದ ಒಣಹುಲ್ಲು. ಹಾವೇ? ಪಾಳುಬಾವಿಯೇ? ಅಯ್ಯೋ, ಇವತ್ತು ಯಾಕಾದರೂ ಬಂದೆನಪ್ಪಾ... ಕೆಳಗೆ ನೋಡುವ ಧೈರ್ಯವೂ ಅವಳಿಗಿರಲಿಲ್ಲ.

ಹುಲ್ಲು ಸರಿಸಿಕೊಂಡು ಒಬ್ಬ ಗಂಡಸು ಮಂಡಿಯೂರಿ ಅವಳ ಕಾಲ ಬುಡಕ್ಕೆ ಬಂದ. ಕೈಯಲ್ಲಿ ಅಳತೆಯ ಟೇಪು, ಬಾಯಲ್ಲಿ ಪೆನ್ಸಿಲ್ಲು.

"ಏನಿದೆ ಅಲ್ಲಿ?" ಅವಳು ಕಣ್ಣು ಕೆಳಗಿಳಿಸದೆಯೇ ಕೇಳಿದಳು.

"ಬಾವುಟ."

"ಬಾವುಟಾನಾ?!"

"ಹೂಂ, ಗುರುತಿಗೆ ನೆಟ್ಟಿದ್ದು. ಅದರ ಕೆಳಗೆ ಏನೋ ಇದೆ. ಎಲ್ಲಿ ಸಿಕ್ತು ಅಂತ ಅಳತೆ ಬರೆದುಕೊಳ್ಳೋ ತನಕ ಅದು ಒಂದು ಕೂದಲೆಳೆಯಷ್ಟೂ ಅಲುಗಬಾರದು. ಎರಡೇ ನಿಮಿಷ, ಹೀಗೇ ಇರಿ."

"ಎರಡು ನಿಮಿಷ ಒಂಟಿಕಾಲಲ್ಲಾ? ನಾನೇನು ಕೊಕ್ಕರೆನಾ?"

ಅವನು ತಲೆಯೆತ್ತಿ ನೋಡಿದ. ಪೆನ್ಸಿಲ್ಲಿನ ಹಿಂದೆ ನಗು ಕಂಡೂ ಕಾಣದ ಹಾಗಿತ್ತು.

"ನನ್ನ ಭುಜ ಹಿಡ್ಕೊಳ್ಳಿ. ಅಳತೆ ತಗೊಳ್ಳೋಕೆ ಭುಜ ಬೇಕಾಗಿಲ್ಲ."

ಬೀಳುವ ಭಯಕ್ಕೆ ಅವಳು ಹಿಡಿದೇಬಿಟ್ಟಳು. ಅಂಗಿಗೆ ಯಂತ್ರದೆಣ್ಣೆಯ ವಾಸನೆ. ಅವನು ನಾಲ್ಕು ಕಡೆಯಿಂದ ಟೇಪು ಎಳೆದು, ಅಂಕಿ ಬರೆದು, ಆಮೇಲೆ ಚೂಪು ಕರಣೆಯಲ್ಲಿ ಮಣ್ಣು ಬಿಡಿಸಿ ಏನನ್ನೋ ಎತ್ತಿ ಅವಳ ಅಂಗೈಗೆ ಹಾಕಿದ. ಬಟಾಣಿಗಿಂತ ಕೊಂಚ ದೊಡ್ಡ ಸೀಸದ ಗುಂಡು. ಬಿಳಿಚಿಕೊಂಡಿತ್ತು, ಆದರೆ ದುಂಡಗೇ ಇತ್ತು.

"ಇನ್ನೂರು ವರ್ಷದ ಹಿಂದೆ ಹಾರಿದ್ದು. ಯಾರಿಗೂ ತಗಲಿಲ್ಲ ಇದು."

"ನಿಮಗೆ ಹೇಗೆ ಗೊತ್ತು?"

"ಎಲುಬಿಗೆ ತಾಗಿದ್ರೆ ಚಪ್ಪಟೆಯಾಗಿರ್ತಿತ್ತು. ಅವತ್ತು ಯಾರೋ ಒಬ್ಬ ಬದುಕಿಕೊಂಡ ನೋಡಿ."

ಅಷ್ಟು ಹೇಳಿ ಅವನು ಮುಂದಿನ ಬಾವುಟಕ್ಕೆ ಹೋದ. ಅವಳು ಮಾತ್ರ ಅಲ್ಲೇ ನಿಂತಿದ್ದಳು. ಯಾರೆಂದೇ ಗೊತ್ತಿಲ್ಲದ ಒಬ್ಬ ಸಿಪಾಯಿ ಬದುಕಿಕೊಂಡದ್ದಕ್ಕೆ ಇಷ್ಟು ಸಮಾಧಾನಪಡುವ ಮನುಷ್ಯನನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಅವಳ ಭಯದ ವಿಷಯ ಇಲ್ಲೇ ಹೇಳಿಬಿಡುವುದು ವಾಸಿ. ಹುಟ್ಟಿದಾಗಿನಿಂದಲೂ ಅವಳು ಪುಕ್ಕಲಿ. ಬೆಂಕಿಕಡ್ಡಿಯನ್ನು ಮೊಳದುದ್ದ ದೂರ ಹಿಡಿದು ಗೀರುವವಳು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬೀದಿಯ ತುದಿಯಿಂದ ಮೂರು ಸಲ ವಾಪಸು ಬರುವವಳು. ಒದ್ದೆಗೈಯಲ್ಲಿ ಸ್ವಿಚ್ಚು ಮುಟ್ಟಿದವಳಲ್ಲ. ಇಂಥವಳಿಗೆ ಸಿಕ್ಕ ಕೆಲಸವೂ ಹಾಗೇ ಇತ್ತು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಅಂಗಡಿಗಳ ತಕ್ಕಡಿ ಪರೀಕ್ಷಿಸುವುದು. ಹಿತ್ತಾಳೆಯ ತೂಕದ ಕಲ್ಲುಗಳ ಪೆಟ್ಟಿಗೆ ಹಿಡಿದು ಹೋಗಿ, ಸರಿ ಇದ್ದರೆ ಮುದ್ರೆ ಒತ್ತುವುದು, ತಪ್ಪಿದ್ದರೆ ತಕ್ಕಡಿಯನ್ನು ಮೂಲೆಗೆ ಕೂರಿಸುವುದು. ಯಾವುದನ್ನೂ ಒಂದೇ ಸಲಕ್ಕೆ ನಂಬದವಳಿಗೆ ಹೇಳಿ ಮಾಡಿಸಿದ ಕೆಲಸ.

ಯುದ್ಧ ನಡೆದ ಆ ಬಯಲನ್ನು ಉಳಿಸಬೇಕೆಂದು ಊರಿನ ನಾಲ್ಕೈದು ಜನ ಒಂದು ಬಳಗ ಕಟ್ಟಿಕೊಂಡಿದ್ದರು. ಅವಳಿಗೆ ಚಿಕ್ಕಂದಿನಲ್ಲಿ ಪಾಠ ಹೇಳಿದ ಮೇಷ್ಟ್ರೇ ಅದರ ಅಧ್ಯಕ್ಷರು. "ಲೆಕ್ಕಾಚಾರವಾಗಿ ಬರೆದಿಡೋರು ಒಬ್ಬರು ಬೇಕಮ್ಮ, ನಮ್ಮವರದ್ದೆಲ್ಲ ಕಾಗೆ ಕಾಲು ಗುಬ್ಬಿ ಕಾಲು" ಎಂದು ಅವರೇ ಕರೆದುಕೊಂಡು ಬಂದಿದ್ದರು. ಹುಲ್ಲಲ್ಲಿ ಮಂಡಿಯೂರಿ ಬಂದವನಿಗೆ ಪೇಟೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಅಂಗಡಿಯಿತ್ತು. ಬಳಗಕ್ಕೆಲ್ಲ ಅವನು ಲೇತಣ್ಣ. ಅವಳಿಗೆ ಬಳಗದಲ್ಲೇ ಇದ್ದ ಟೈಲರಕ್ಕ ಮೊದಲ ವಾರವೇ ಹೆಸರಿಟ್ಟಳು: ತಕ್ಕಡಿ ಮೇಡಂ.

ಭಾನುವಾರಗಳು ಬಂದವು, ಹೋದವು. ಗ್ರಂಥಾಲಯದ ಹಿಂದಿನ ಎರಡು ಕೋಣೆಗಳೇ ಬಳಗದ ಮನೆ. ಗೋಡೆಗೆ ಬಯಲಿನ ನಕ್ಷೆ, ಕಪಾಟಿನಲ್ಲಿ ಸಾಲಾಗಿ ತುಕ್ಕು ಹಿಡಿದ ಫಿರಂಗಿ ಗುಂಡುಗಳು, ಒಂದೊಂದರ ಕೆಳಗೂ ಒಂದು ಕಾರ್ಡು. ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ, ಅಡ್ಡಳತೆ ಎಷ್ಟು, ತೂಕ ಎಷ್ಟು. ಬಯಲಿನಲ್ಲಿ ಟೇಪಿನ ಒಂದು ತುದಿ ಅವನ ಕೈಯಲ್ಲಿದ್ದರೆ ಇನ್ನೊಂದು ತುದಿ ಯಾವಾಗಲೂ ಅವಳ ಕೈಗೇ ಬರುತ್ತಿತ್ತು. ಯಾರು ಕೊಡುತ್ತಿದ್ದರೋ ಏನೋ!

ಇವರು ನನ್ನ ಕಡೆ ನೋಡಿ ನಗ್ತಾರಾ, ಅಥವಾ ನನ್ನನ್ನ ನೋಡಿ ನಗ್ತಾರಾ... ಇದೊಂದು ಅವಳ ಹೊಸ ಭಯ.

ಎಲ್ಲ ಕೆಟ್ಟದ್ದು ತಕ್ಕಡಿಯಿಂದ.

ಒಂದು ಭಾನುವಾರ ಅವಳು ತನ್ನ ಪೆಟ್ಟಿಗೆಯನ್ನು ಬಳಗಕ್ಕೆ ತಂದಳು. ಸುಮ್ಮನೆ, ಅಭ್ಯಾಸಬಲ. ಐದು ಕಿಲೋ ಕಲ್ಲನ್ನು ಅಲ್ಲಿದ್ದ ತಕ್ಕಡಿಯ ಮೇಲಿಟ್ಟರೆ ಮುಳ್ಳು ನಾಲ್ಕು ಕಿಲೋ ಎಂಟುನೂರಕ್ಕೆ ನಿಂತಿತು.

"ಈ ತಕ್ಕಡಿ ಸುಳ್ಳು ಹೇಳುತ್ತೆ! ಇದರಲ್ಲಿ ತೂಗಿದ್ದೆಲ್ಲ ತಪ್ಪು. ಯಾವ ಪುಣ್ಯಾತ್ಮ ಇದನ್ನ ರಿಪೇರಿ ಮಾಡಿದ್ದು?"

ಎಲ್ಲರ ಕಣ್ಣೂ ಅವಳ ಹಿಂದಕ್ಕೆ ಹೊರಳಿತು.

ಟೈಲರಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. "ಪುಣ್ಯಾತ್ಮ ನಿನ್ನ ಹಿಂದೇನೇ ನಿಂತಿದ್ದಾನೆ ಕಣೇ."

ಎಲ್ಲರೂ ಗೊಳ್ಳೆಂದು ನಕ್ಕರು. ಕೂದಲೆಳೆಯ ನೂರನೇ ಪಾಲನ್ನೂ ಬಿಡದೆ ಕಡೆಯುವ ಕೈ ಎಂದು ಪೇಟೆಯಲ್ಲೆಲ್ಲ ಹೆಸರಾದವನು ಕಿವಿಯವರೆಗೆ ಕೆಂಪಾದ. ತಕ್ಕಡಿಯನ್ನು ಎತ್ತಿ ಬಗಲಲ್ಲಿ ಇಟ್ಟುಕೊಂಡು ಹೊರಟುಹೋದ.

ಅಂದಿನಿಂದ ಮೂರು ವಾರ, ಮಾತಿಲ್ಲ ಕತೆಯಿಲ್ಲ. ಅವಳಿದ್ದಾಗ ಅವನು ಬರುವುದಿಲ್ಲ. ಅವನು ಬಂದು ಹೋದದ್ದು ಕಪಾಟಿನ ಹೊಸ ಗುಂಡುಗಳಿಂದ, ಅವನ ಮುದ್ದಾದ ಅಕ್ಷರದ ಹೊಸ ಕಾರ್ಡುಗಳಿಂದ ಮಾತ್ರ ತಿಳಿಯುತ್ತಿತ್ತು.

ಕೋಪ ಬಂದಿದೆ ಅವರಿಗೆ. ನಾಲ್ಕು ಜನರ ಮುಂದೆ ಮಾನ ಕಳೆದೆನಲ್ಲ... ಫೋನಿನಲ್ಲಿ 'ಕ್ಷಮಿಸಿ' ಎಂದು ಬರೆದಳು, ಅಳಿಸಿದಳು. ಮತ್ತೆ ಬರೆದಳು. ಉತ್ತರ ಬಾರದಿದ್ದರೆ? ಅಳಿಸಿದಳು.

ಆ ದಿನವೂ ಭಾನುವಾರವೇ. ಮಾರನೆಯ ದಿನ ಪುರಸಭೆಯಲ್ಲಿ ಸಭೆ. ಬಯಲನ್ನು ಸಮ ಮಾಡಿ ಗೋದಾಮು ಕಟ್ಟಬೇಕೇ, ಬಿಡಬೇಕೇ ಎಂದು ತೀರ್ಮಾನವಾಗುವುದಿತ್ತು. ಸದಸ್ಯರ ಮೇಜಿನ ಮೇಲೆ ಒಂದು ಫಿರಂಗಿ ಗುಂಡನ್ನು ಪೀಠಕ್ಕೆ ಕೂರಿಸಿ ಇಡುವುದು ಮೇಷ್ಟ್ರ ಆಸೆ. "ಕಣ್ಣಿಗೆ ಕಂಡ್ರೇನೇ ಅವರಿಗೆ ಮನಸ್ಸಿಗೆ ಹೋಗೋದು." ಇರುವುದರಲ್ಲಿ ಚೆನ್ನಾಗಿದ್ದ ಒಂದು ಗುಂಡನ್ನು ಲೇತಣ್ಣ ಬೆಳಿಗ್ಗೆಯೇ ಅಂಗಡಿಗೆ ಒಯ್ದಿದ್ದ. ತಳದಲ್ಲಿ ತೂತು ಕೊರೆದು, ಕಬ್ಬಿಣದ ಪೀಠಕ್ಕೆ ತಿರುಪು ಹಾಕಿ ಕೂರಿಸಲು.

ಅವಳು ಕಾರ್ಡುಗಳ ನಕಲು ಬರೆಯುತ್ತಾ ಕೂತಿದ್ದಳು. ಮೇಷ್ಟ್ರು ಕಪಾಟಿನ ಧೂಳು ಹೊಡೆಯುತ್ತಿದ್ದರು.

ಏಳನೆಯ ಕಾರ್ಡು ಬರೆಯುವಾಗ ಅವಳ ಕೈ ನಿಂತಿತು.

ಐದು ಕಿಲೋ ನಾನೂರ ನಲವತ್ತು ಗ್ರಾಂ. ಹಿಂದಿನ ಕಾರ್ಡು ತೆಗೆದಳು. ಐದು ಕಿಲೋ ನಾನೂರ ನಲವತ್ತು. ಅದರ ಹಿಂದಿನದು? ಅದೇ. ಮೂರು ವಾರದಲ್ಲಿ ಬಂದ ಏಳು ಗುಂಡುಗಳಿಗೂ ಒಂದೇ ತೂಕ. ಒಂದು ಗ್ರಾಮಿನ ಹೆಚ್ಚುಕಡಿಮೆಯೂ ಇಲ್ಲ!

ಪೆಟ್ಟಿಗೆಯಲ್ಲಿ ಮಖಮಲ್ಲು ಹೊದ್ದು ಮಲಗಿರುವ ಹಿತ್ತಾಳೆ ಕಲ್ಲುಗಳೇ ವರ್ಷಕ್ಕೊಂದಿಷ್ಟು ಸವೆಯುತ್ತವೆ. ಇನ್ನೂರು ವರ್ಷ ಮಣ್ಣಿನಲ್ಲಿ ತುಕ್ಕು ತಿಂದ ಕಬ್ಬಿಣ ಏಳಕ್ಕೆ ಏಳೂ ಒಂದೇ ಸಮ ತೂಗುವುದುಂಟೆ?

ಸಭೆಗೆಂದು ಅವಳು ಕಚೇರಿಯಿಂದ ಒಳ್ಳೆಯ ತಕ್ಕಡಿ ತಂದಿದ್ದಳು. ಕಪಾಟಿನಲ್ಲಿ ಉಳಿದಿದ್ದ ಆರನ್ನೂ ಒಂದೊಂದಾಗಿ ಎತ್ತಿಟ್ಟಳು. ಐದು ಇನ್ನೂರ ತೊಂಬತ್ತು. ಐದು ನೂರ ಎಂಬತ್ತು. ಐದು ಮುನ್ನೂರ ಹತ್ತು... ಒಂದೂ ಕಾರ್ಡಿಗೆ ಹೊಂದಲಿಲ್ಲ.

ಇವರು ತೂಗಲೇ ಇಲ್ಲ! ಅಡ್ಡಳತೆ ನೋಡಿ, ಇಷ್ಟು ಗಾತ್ರದ ಗುಂಡು ಇಷ್ಟು ತೂಕ ಅಂತ ಹಳೇ ಪುಸ್ತಕದ ಕೋಷ್ಟಕದಿಂದ ಇಳಿಸಿಬಿಟ್ಟಿದ್ದಾರೆ.

ಮೊದಲು ಅವಳಿಗೆ ಆದದ್ದು ಬರೀ ನೋವು. ನನ್ನ ಮೇಲಿನ ಸಿಟ್ಟಿಗೆ ಸುಳ್ಳು ಬರೆದರಲ್ಲ...

"ಮೇಷ್ಟ್ರೇ, ಆ ಏಳನೇದು, ಲೇತಿಗೆ ಹೋಗಿರೋದು... ಅದನ್ನ ಯಾರಾದ್ರೂ ತೂಗಿದ್ರಾ?"

"ತೂಗೋದೇನು ಬಂತು, ಬಯಲಿಂದ ಹೊತ್ಕೊಂಡು ಬಂದಿದ್ದೇ ನಾನು!" ಮೇಷ್ಟ್ರು ಧೂಳಿನ ಬಟ್ಟೆ ಹೆಗಲಿಗೆ ಹಾಕಿಕೊಂಡು ಹುರುಪಿನಿಂದ ತಿರುಗಿದರು. "ಉಳಿದವನ್ನ ಎರಡು ಕೈಲಿ ಎತ್ತಿದ್ರೂ ಸೊಂಟ ಹಿಡ್ಕೊಳ್ಳುತ್ತೆ ಕಣಮ್ಮ. ಅದನ್ನ ಮಾತ್ರ ಒಂದೇ ಕೈಲಿ ತಂದೆ, ಇನ್ನೊಂದು ಕೈಲಿ ಕೊಡೆ. ಮನೇಲಿ ಇವಳಿಗೆ ಹೇಳ್ದೆ ಕೂಡ, ನೋಡೇ, ನನಗೆ ವಯಸ್ಸು ಇಳೀತಾ ಇದೆ ಅಂತ!"

ಅವರು ನಕ್ಕರು. ಅವಳು ನಗಲಿಲ್ಲ.

ಗಾತ್ರ ಅದೇ. ತೂಕ ಕಡಿಮೆ. ಹಾಗಾದರೆ...

ಅವಳು ಕಾರ್ಡು ಕೆಳಗಿಟ್ಟಳು.

"ಮೇಷ್ಟ್ರೇ, ಅದು ಗಟ್ಟಿ ಗುಂಡಲ್ಲ. ಒಳಗೆ ಟೊಳ್ಳು."

ಮೇಷ್ಟ್ರ ನಗು ಮುಖದಲ್ಲೇ ಇಂಗಿತು. ಫಿರಂಗಿ ಗುಂಡುಗಳಲ್ಲಿ ಎರಡು ಜಾತಿ ಎಂದು ಅವಳಿಗೆ ಕಲಿಸಿದವರೇ ಅವರು. ಒಂದು ಗಟ್ಟಿ, ಬಿದ್ದು ಉರುಳುವುದು. ಇನ್ನೊಂದು ಟೊಳ್ಳು. ಹೊಟ್ಟೆ ತುಂಬ ಸಿಡಿಮದ್ದು, ಬಾಯಿಗೆ ಮರದ ಬಿರಡೆ. ಬಿದ್ದಲ್ಲಿ ಸಿಡಿಯುವುದು.

"ಸಿಡಿಯದೇ ಉಳಿದದ್ದು..." ಮೇಷ್ಟ್ರು ಕಪಾಟು ಹಿಡಿದುಕೊಂಡರು. "ಒಂದು ಕಡೆ ಬಿಲ್ಲೆಯಷ್ಟಗಲ ಗುರುತಿತ್ತು ಅದಕ್ಕೆ. ತುಕ್ಕಿನ ಕಲೆ ಅಂದ್ಕೊಂಡೆ. ಕಾಣೋಕೆ ಚೆನ್ನಾಗಿಲ್ಲ, ಅದನ್ನ ತಳಕ್ಕೆ ಮಾಡಪ್ಪ, ಅಲ್ಲೇ ತೂತು ಹೊಡಿ ಅಂತ... ನಾನೇ ಹೇಳಿ ಕಳಿಸಿದೆ."

"ಇಷ್ಟು ವರ್ಷದ ಮದ್ದು ಸತ್ತಿರಲ್ವಾ ಮೇಷ್ಟ್ರೇ? ಸತ್ತಿರುತ್ತೆ ಅಲ್ವಾ?"

"ಒಳಗೆ ನೀರು ಹೋಗಿಲ್ಲ ಅಂದ್ರೆ... ಸಾಯೋದಿಲ್ಲ ಕಣಮ್ಮ."

ಅವಳು ಫೋನ್ ಮಾಡಿದಳು. ಗಂಟೆ ಹೊಡೆಯಿತು, ಹೊಡೆಯಿತು, ನಿಂತಿತು. ಯಂತ್ರ ಓಡುವಾಗ ಅವನು ಫೋನನ್ನು ಗಲ್ಲಾಪೆಟ್ಟಿಗೆಯಲ್ಲಿ ಹಾಕಿಡುತ್ತಾನೆ. ಅದು ಅವನ ನೇಮ. ಅದೂ ಅವಳಿಗೆ ಗೊತ್ತಿತ್ತು.

"ನೀವು ಪೊಲೀಸಿಗೆ ಹೇಳಿ!" ಎಂದವಳೇ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಗ್ರಂಥಾಲಯದಿಂದ ಲೇತ್ ಅಂಗಡಿಗೆ ಐದು ಬೀದಿ. ಬಾಗಿಲು ಹಾಕಿದ ಅಂಗಡಿಗಳು, ಗೋಡೆಗೆ ಒರಗಿದ ಸೈಕಲ್ಲುಗಳು, ಬಾಲ್ಕನಿಯಲ್ಲಿ ಒಣಗುವ ಬಟ್ಟೆಗಳು. ಎಲ್ಲ ಎಂದಿನಂತೆಯೇ. ಅವಳ ಕಿವಿಗಳು ಮಾತ್ರ ಒಂದು ಸದ್ದಿಗಾಗಿ ಕಾಯುತ್ತಿದ್ದವು. ಈ ಹೆಜ್ಜೆಗೆ ಬರುತ್ತದೆ. ಇಲ್ಲ, ಮುಂದಿನ ಹೆಜ್ಜೆಗೆ. ಪ್ರತಿ ಹೆಜ್ಜೆಗೂ ಪ್ರಾಣ ಬಾಯಿಗೆ ಬಂದು ಬಂದು ಹೋಗುತ್ತಿತ್ತು.

ನನ್ನ ಲೆಕ್ಕ ತಪ್ಪಿದ್ರೆ? ಮೇಷ್ಟ್ರಿಗೆ ಬರೀ ಹಾಗನ್ನಿಸಿದ್ದರೆ? ಮತ್ತೆ ಎಲ್ಲರ ಮುಂದೆ ಅವರ ಕೆಲಸ ನಿಲ್ಲಿಸಿದ ಹಾಗಾಗುತ್ತೆ. ಈ ಸಲ ಮುಖವನ್ನೇ ನೋಡಲ್ಲ ಅವರು.

ತಪ್ಪಾಗಲಿ! ದೇವರೇ, ನನ್ನ ಲೆಕ್ಕ ತಪ್ಪಾಗಲಿ. ಜನ್ಮದಲ್ಲಿ ಮಾತಾಡಿಸದಿದ್ದರೂ ಪರವಾಗಿಲ್ಲ. ಇರಲಿ ಅವರು... ಇದ್ದರೆ ಸಾಕು.

ಐದನೆಯ ಬೀದಿಗೆ ತಿರುಗಿದಾಗ ಯಂತ್ರದ ಗುಂಯ್ ಎನ್ನುವ ಸದ್ದು ಕೇಳಿಸಿತು. ಅಷ್ಟು ಹಿತವಾದ ಸದ್ದನ್ನೂ ಅಷ್ಟು ಭೀಕರವಾದ ಸದ್ದನ್ನೂ ಅವಳು ಒಟ್ಟಿಗೇ ಕೇಳಿದ್ದು ಅದೇ ಮೊದಲು.

ಅವನು ಬೆನ್ನು ಮಾಡಿ ನಿಂತಿದ್ದ. ಮುಂದೆ ಡ್ರಿಲ್ಲಿಂಗ್ ಯಂತ್ರ. ಅದರ ಇಕ್ಕಳದಲ್ಲಿ ಬಿಗಿದ ಕಂದು ಗುಂಡು.

"ನಿಲ್ಸಿ! ನಿಲ್ಸೀ!"

ಯಂತ್ರದ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಬಾಗಿಲ ಪಕ್ಕ ಗೋಡೆಯ ಮೇಲೆ ಮೇನ್ ಸ್ವಿಚ್ಚಿನ ಕೆಂಪು ಹಿಡಿ. ಬೆವರಿನಿಂದ ತೊಪ್ಪೆಯಾದ ಕೈಯಿಂದಲೇ ಅದನ್ನು ಹಿಡಿದು ಕೆಳಗೆಳೆದಳು.

ದೀಪ ಆರಿತು. ಯಂತ್ರ ನರಳುತ್ತಾ ನಿಂತಿತು.

ಅವನು ತಿರುಗಿದ. ಕನ್ನಡಕವನ್ನು ಹಣೆಗೆ ಏರಿಸಿ, ಬರಿಗಾಲಲ್ಲಿ ಏದುಸಿರು ಬಿಡುತ್ತಿರುವವಳನ್ನು ಕಂಡು ಬೆಪ್ಪಾದ.

"ನೀವಾ?... ಏನಿದು?"

"ಅದನ್ನ ಮುಟ್ಟಬೇಡಿ! ಅದರ ತೂಕ ಕಡಿಮೆ ಇದೆ."

ಅವನ ಮುಖ ಗಂಟಿಕ್ಕಿತು. "ಮತ್ತೆ ತೂಕದ ಪುರಾಣನಾ? ಅದನ್ನ ಹೇಳೋಕೆ ಕರೆಂಟ್ ತೆಗೀಬೇಕಿತ್ತಾ?"

"ಮೇಷ್ಟ್ರು ಅದನ್ನ ಒಂದೇ ಕೈಲಿ ಹೊತ್ಕೊಂಡು ಬಂದ್ರಂತೆ. ಒಂದೇ ಕೈಲಿ! ಅದು ಟೊಳ್ಳು ರೀ..."

ಅವನು ನಿಧಾನವಾಗಿ ಯಂತ್ರದ ಕಡೆ ನೋಡಿದ. ಗುಂಡಿನ ಮೇಲಿನ ತೂತಿನ ಸುತ್ತ ಪುಡಿ ಗುಡ್ಡೆಯಾಗಿತ್ತು. ಕಬ್ಬಿಣವಾಗಿದ್ದರೆ ಬೂದು ಬಣ್ಣದ ಹೊಳೆಯುವ ಪುಡಿ ಬರಬೇಕು. ಇದು ಕಂದು. ಹಗುರ. ಮರಗೆಲಸದವರ ಅಂಗಡಿಯಲ್ಲಿ ಬೀಳುವಂಥದ್ದು.

"ಈಗ ತಾನೇ ನೋಡಿ ಅಂದ್ಕೊಂಡೆ..." ಅವನ ತುಟಿ ಒಣಗಿತ್ತು. "ಬೇರು ಹೊಕ್ಕಿದೆಯೇನೋ... ಕಬ್ಬಿಣದೊಳಗೆ ಮರ ಎಲ್ಲಿಂದ ಬಂತು ಅಂತ..."

ಇಬ್ಬರಿಗೂ ಉತ್ತರ ಗೊತ್ತಿತ್ತು. ಬಿರಡೆ.

ಡ್ರಿಲ್ಲಿನ ಮೊನೆ ಇನ್ನೂ ತೂತಿನೊಳಗೇ ಇತ್ತು.

"ಎಷ್ಟು ಆಳ ಹೋಗಿದೆ?"

"ಹೆಬ್ಬೆರಳಿನ ಒಂದು ಗೆಣ್ಣು."

"ಬಿಸಿ ಇದೆಯಾ?"

"ಇದೆ."

"ಬನ್ನಿ. ಹಾಗೇ ಬಿಟ್ಟು ಬನ್ನಿ, ಹೊರಗೆ ಬನ್ನಿ!"

ಅವನು ಎರಡು ಹೆಜ್ಜೆ ಬಂದು ಗಕ್ಕನೆ ನಿಂತ. ಮುಖ ಸುಣ್ಣದಂತಾಯಿತು.

"ಅಮ್ಮ! ಅಮ್ಮ ಮೇಲಿದ್ದಾಳೆ."

ಮನೆ ಇದ್ದದ್ದು ಅಂಗಡಿಯ ಮೇಲೆ. ಮೆಟ್ಟಿಲು ಇದ್ದದ್ದು ಒಂದೇ. ಅದು ಇಳಿದು ಬರುತ್ತಿದ್ದದ್ದು ಡ್ರಿಲ್ಲಿಂಗ್ ಯಂತ್ರದ ಮಗ್ಗುಲಿಗೇ, ಕೈ ಚಾಚಿದರೆ ಗುಂಡು ಸಿಗುವಷ್ಟು ಹತ್ತಿರಕ್ಕೆ.

"ನಾನು ಕರ್ಕೊಂಡು ಬರ್ತೀನಿ, ನೀವು ಹೊರಡಿ" ಎಂದ. ಅವನ ಕೈಗಳು ಗಾಳಿಗೆ ಸಿಕ್ಕ ಕಾಗದದಂತೆ ಅದುರುತ್ತಿದ್ದವು.

ಆ ಕೈಗಳನ್ನು ಅವಳು ನೋಡಿದಳು. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು. ಅವು ನಡುಗುತ್ತಿರಲಿಲ್ಲ. ಇದೇನಾಶ್ಚರ್ಯ!

"ಬೇಡ, ನಾನು ಹೋಗ್ತೀನಿ. ನಿಮ್ಮ ಮುಖ ನೋಡಿದ್ರೆ ಅವರು ಅರ್ಧದಲ್ಲೇ ಕೂತುಬಿಡ್ತಾರೆ. ನೀವು ಅಕ್ಕಪಕ್ಕದ ಮನೆ ಖಾಲಿ ಮಾಡಿಸಿ."

"ನಿಮಗೆ ಭಯ ಆಗುತ್ತೆ..."

"ಆಗ್ತಿದೆ! ಆದ್ರೆ ನನಗೆ ಅಭ್ಯಾಸ ಇದೆ. ನಿಮಗೆ ಇವತ್ತೇ ಮೊದಲು. ಹೋಗಿ ರೀ!"

ಅವಳು ಉಸಿರು ಬಿಗಿಹಿಡಿದು ಗುಂಡಿನ ಪಕ್ಕದಿಂದಲೇ ಹಾದು ಮೆಟ್ಟಿಲು ಹತ್ತಿದಳು. ಹದಿನಾಲ್ಕು ಮೆಟ್ಟಿಲು. ಎಣಿಸಿದ್ದು ಯಾಕೋ, ಅವಳಿಗೇ ಗೊತ್ತಿಲ್ಲ.

ಅಮ್ಮ ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದರು.

"ಯಾರಮ್ಮ ನೀನು?"

"ನಾನು... ಬಳಗದವಳು. ಸ್ವಲ್ಪ ಕೆಳಗೆ ಬರ್ತೀರಾ?"

"ಬಳಗದವಳಾ? ತೂಕ ನೋಡೋಳು ನೀನೇನಾ?" ಅಮ್ಮ ಮಡಿಸುತ್ತಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕೂತ್ಕೋ. ನಿನ್ನ ಹತ್ರ ಮಾತಾಡೋದಿದೆ."

"ಆಮೇಲೆ ಮಾತಾಡೋಣ ಅಮ್ಮ, ಈಗ..."

"ಆಮೇಲೆ ಯಾಕೆ? ಮೂರು ವಾರದಿಂದ ಅವನಿಗೆ ಊಟ ಸೇರ್ತಿಲ್ಲ. ಯಾವುದೋ ಹಾಳು ತಕ್ಕಡಿ ತಂದ್ಕೊಂಡು ಬಿಚ್ಚಿದ್ದೇ ಬಿಚ್ಚಿದ್ದು, ಕೂಡಿಸಿದ್ದೇ ಕೂಡಿಸಿದ್ದು. ಬಿಸಾಕೋ ಅಂದ್ರೆ, ಇಲ್ಲಮ್ಮ, ಇದನ್ನ ಅವರು ನೋಡಿ ಸರಿ ಇದೆ ಅನ್ನಬೇಕು, ಆಮೇಲೇ ಅವರ ಮುಂದೆ ನಿಲ್ಲೋದು ಅಂತಾನೆ. ಏನು ಮಾಡಿದ್ದೀಯಾ ನನ್ನ ಮಗನಿಗೆ?"

ಅವಳ ಕಣ್ಣು ಮಂಜಾಯಿತು. ಕೋಪವಲ್ಲವೇ ಅದು? ನಾಚಿಕೆಯೇ? ಇಷ್ಟು ದಿನ... ಕೇಳಬಾರದ ಹೊತ್ತಿನಲ್ಲಿ ಕೇಳಬೇಕಾದ ಮಾತು ಕೇಳಿಸಿತ್ತು. ಕೆಳಗೆ ಬಿಸಿ ಗುಂಡು. ಇಲ್ಲಿ ಈ ಮಾತು. ನಿಂತು ಅಳಲೂ ಪುರಸೊತ್ತಿಲ್ಲ!

"ಅಮ್ಮ, ಹೊರಗೆ ಗಾಳಿ ಚೆನ್ನಾಗಿದೆ, ಬನ್ನಿ..."

ಅಮ್ಮ ಅವಳ ಮುಖವನ್ನೇ ನೋಡಿದರು. ನಿಂತ ಫ್ಯಾನನ್ನು ನೋಡಿದರು. ಬರಿಗಾಲನ್ನು ನೋಡಿದರು. ಕೆಳಗೆ ಯಂತ್ರದ ಸದ್ದಿಲ್ಲವೆಂದು ಅರಿವಾಯಿತು.

"ಮಗಳೇ, ನಿಜ ಹೇಳು. ಅವನಿಗೆ ಏನಾದ್ರೂ ಆಯ್ತಾ?"

"ಇನ್ನೂ ಏನೂ ಆಗಿಲ್ಲ ಅಮ್ಮ. ಆಗಬಾರದು ಅಂತಲೇ ಓಡಿ ಬಂದಿದ್ದೀನಿ."

ಅಮ್ಮ ಊರುಗೋಲು ಹಿಡಿದು ಎದ್ದರು.

ಇಳಿಯುವುದು ಹತ್ತಿದಷ್ಟು ಸುಲಭವಿರಲಿಲ್ಲ. ಅಮ್ಮನ ಎಡ ಮಂಡಿ ಮಡಿಸದು. ಒಂದು ಮೆಟ್ಟಿಲಿಗೆ ಎರಡು ಸಲ ಕಾಲಿಡಬೇಕು, ನಡುವೆ ಸುಧಾರಿಸಿಕೊಳ್ಳಬೇಕು. ಕೊನೆಯ ಮೆಟ್ಟಿಲಲ್ಲಿ ಊರುಗೋಲು ಗೋಡೆಗೆ ಒರಗಿಸಿದ್ದ ಕಬ್ಬಿಣದ ಸರಳಿಗೆ ತಾಗಿತು. ಸರಳು ನೆಲಕ್ಕುರುಳಿತು.

ಠಣ್!!

ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕಣ್ಣು ಮುಚ್ಚಿದರು.

ಒಂದು ಕ್ಷಣ... ಎರಡು ಕ್ಷಣ...

ಅವಳು ಒಂದೇ ಕಣ್ಣು ತೆರೆದು ನೋಡಿದಳು. ಗುಂಡು ಹಾಗೇ ಇತ್ತು. ತೂತಿನ ಬಾಯಲ್ಲಿ ಕಂದು ಪುಡಿ, ಮೇಲೆ ತಣ್ಣಗೆ ನಿಂತ ಡ್ರಿಲ್ಲು.

"ಹೆದ್ರಬೇಡ" ಎಂದರು ಅಮ್ಮ ಪಿಸುದನಿಯಲ್ಲಿ, ತಾವೇ ಗಡಗಡ ನಡುಗುತ್ತಾ. "ನಾನಿದ್ದೀನಿ."

ಬೀದಿಯ ಬೆಳಕಿಗೆ ಬಂದಾಗ ಅವನು ಎದುರಿನ ಗೋಡೆಯ ಬಳಿ ಎರಡು ಸಂಸಾರಗಳನ್ನು ಸರಿಸಿ ನಿಲ್ಲಿಸಿ, ಅಂಗಡಿಯ ಬಾಗಿಲನ್ನೇ ನೋಡುತ್ತಿದ್ದ. ಓಡಿ ಬಂದು ಅಮ್ಮನನ್ನು ಹಿಡಿದುಕೊಂಡ. ಅಮ್ಮನನ್ನು ಹಿಡಿದ ಕೈಗೆ ಅವಳ ಕೈಯೂ ಸಿಕ್ಕಿತ್ತು. ಬಿಡಬೇಕೆಂದು ಅವನಿಗೂ ತೋಚಲಿಲ್ಲ, ಬಿಡಿಸಿಕೊಳ್ಳಬೇಕೆಂದು ಅವಳಿಗೂ ತೋಚಲಿಲ್ಲ.

ಬಾಂಬ್ ದಳದವರು ಮಧ್ಯಾಹ್ನ ಬಂದರು. ಬೀದಿಗೆ ಹಗ್ಗ ಕಟ್ಟಿ, ದಪ್ಪ ಅಂಗಿ ತೊಟ್ಟ ಇಬ್ಬರು ಒಳಗೆ ಹೋದರು. ಅವರು ಹೊರಬರುವ ಹೊತ್ತಿಗೆ ಅವಳು ತನ್ನ ಹತ್ತೂ ಉಗುರು ಕಚ್ಚಿ ಮುಗಿಸಿದ್ದಳು. ಗುಂಡನ್ನು ಮರಳು ತುಂಬಿದ ಪೆಟ್ಟಿಗೆಯಲ್ಲಿಟ್ಟು ವ್ಯಾನಿಗೆ ಏರಿಸಿದರು.

"ಇನ್ನು ಅರ್ಧ ಬೆರಳು ಇಳಿದಿದ್ರೆ ನಮ್ಮನ್ನ ಕರೆಸೋ ಅಗತ್ಯ ಇರ್ತಿರಲಿಲ್ಲ" ಎಂದ ದಳದ ಹಿರಿಯ. "ಒಳಗೆ ಮದ್ದು ಒಣಗೇ ಇದೆ. ಯಾರು ಕಂಡುಹಿಡಿದಿದ್ದು?"

"ಇವರು" ಎಂದ ಲೇತಣ್ಣ.

"ಹೇಗೆ?"

"ತೂಕದಿಂದ" ಎಂದ. ಆ ಮಾತು ಹೇಳುವಾಗ ಅವನ ತಲೆ ತಗ್ಗಿತ್ತು.

ಸಂಜೆ ಎಲ್ಲರೂ ಬಯಲಿನ ಅಂಚಿನಲ್ಲಿ ಸೇರಿದ್ದರು. ಗುಂಡನ್ನು ಬಯಲಿನಾಚೆಯ ಹಳೇ ಕಲ್ಲುಗಣಿಯಲ್ಲಿಟ್ಟು ಸಿಡಿಸುವುದೆಂದು ತೀರ್ಮಾನವಾಗಿತ್ತು. ಹಗ್ಗದ ಈಚೆ ಮೇಷ್ಟ್ರು ಅಮ್ಮನ ಪಕ್ಕ ಕೂತು ನೂರನೆಯ ಸಲ ಕ್ಷಮೆ ಕೇಳುತ್ತಿದ್ದರು.

"ವಯಸ್ಸು ಇಳೀತಾ ಇದೆ ಅಂದ್ಕೊಂಡ್ರಂತಲ್ಲ ಮೇಷ್ಟ್ರು!" ಟೈಲರಕ್ಕ ಸುಮ್ಮನಿರುವ ಪೈಕಿಯಲ್ಲ. "ಬುದ್ಧಿ ಇಳಿದಿದ್ದು ಅಂತ ಮನೆಯವರಾದ್ರೂ ಹೇಳಬಾರದಿತ್ತಾ?"

"ಹೇಳಿದ್ಲಮ್ಮ. ನಾನು ಕೇಳಲಿಲ್ಲ" ಎಂದರು ಮೇಷ್ಟ್ರು ಸಣ್ಣಗೆ. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಆದ್ರೂ ಒಂದು ಒಳ್ಳೇದಾಯ್ತು. ಇಡೀ ಬಯಲು ಪರೀಕ್ಷೆ ಆಗೋ ತನಕ ಒಂದು ಸಲಿಕೆನೂ ಬೀಳಬಾರದು ಅಂತ ಬಾಂಬ್ ದಳದವರು ಪುರಸಭೆಗೆ ಬರೆದುಕೊಟ್ಟಿದ್ದಾರೆ. ನಾಳಿನ ಸಭೆ ಮುಂದಕ್ಕೆ ಹೋಯ್ತು. ಗೋದಾಮು ಸದ್ಯಕ್ಕಿಲ್ಲ."

ಅವಳು ಆಚೆ ಒಂದು ಮೋಟು ಗೋಡೆಯ ಮೇಲೆ ಕೂತಿದ್ದಳು. ಟೈಲರಕ್ಕ ಕೊಟ್ಟ ಎರವಲು ಚಪ್ಪಲಿ ಕಾಲಲ್ಲಿತ್ತು. ಈಗ, ಎಲ್ಲ ಮುಗಿದ ಮೇಲೆ, ಅವಳ ಕೈಕಾಲು ನಡುಗತೊಡಗಿದ್ದವು.

ಅವನು ಬಂದು ಒಂದು ಮೊಳ ಬಿಟ್ಟು ಕೂತ.

"ಏಳು ಕಾರ್ಡಿಗೂ ಒಂದೇ ತೂಕ ಬರೆದಿದ್ರಲ್ಲ" ಅವಳೇ ಕೇಳಿದಳು. "ಯಾಕೆ?"

"ಅಡ್ಡಳತೆ ತೆಗೆಯೋಕೆ ನನ್ನ ಕೈ ಸಾಕಿತ್ತು. ತೂಕ ಬೇಕು ಅಂದ್ರೆ ನಿಮ್ಮ ಹತ್ರ ಬಂದು ತಕ್ಕಡಿ ಕೊಡಿ ಅಂತ ಕೇಳಬೇಕಿತ್ತು." ಅವನು ಅಂಗೈಯ ಎಣ್ಣೆ ಕಲೆ ಉಜ್ಜಿಕೊಂಡ. "ಅಷ್ಟು ಜನ ನಕ್ಕಿದ್ದಕ್ಕೆ ಬೇಜಾರಾಗಲಿಲ್ಲ. ನಿಮ್ಮ ಕಣ್ಣಲ್ಲಿ ಕೆಲಸ ಬಾರದವನಾದೆನಲ್ಲ ಅಂತ. ನಾಚಿಕೆ ಮುಚ್ಚಿಕೊಳ್ಳೋಕೆ ಪುಸ್ತಕ ನೋಡಿ ಬರೆದೆ. ಅದೇ ನಾಚಿಕೆ ಇವತ್ತು ಅಮ್ಮನನ್ನೂ ನಿಮ್ಮನ್ನೂ..."

ಅವನು ಮುಖ ಆಚೆ ತಿರುಗಿಸಿದ.

"ನೀವು ಕೋಪ ಮಾಡ್ಕೊಂಡಿದ್ದೀರಿ ಅಂತಿದ್ದೆ ನಾನು" ಎಂದಳು ಅವಳು. "ಕ್ಷಮಿಸಿ ಅಂತ ಎಷ್ಟು ಸಲ ಬರೆದು ಅಳಿಸಿದೆ ಗೊತ್ತಾ?"

"ಒಂದು ಸಲ ಕಳಿಸಬಾರದಿತ್ತಾ?"

"ಭಯ ರೀ!"

"ಮೇನ್ ಸ್ವಿಚ್ ಎಳೆದೋರಿಗೆ? ಆ ಗುಂಡಿನ ಪಕ್ಕದಲ್ಲೇ ಎರಡು ಸಲ ನಡೆದೋರಿಗೆ?"

"ಅದು ಬೇರೆ. ಅಲ್ಲಿ ಹೋಗದೇ ಇದ್ರೆ ನೀವು..." ಅವಳು ನಿಲ್ಲಿಸಿದಳು. ಮುಂದಿನ ಮಾತು ಹದಿನಾಲ್ಕು ಮೆಟ್ಟಿಲಿಗಿಂತ ಎತ್ತರವಾಗಿತ್ತು. "ನೀವು ಇರ್ತಿರಲಿಲ್ಲ. ನೀವಿಲ್ಲದ ಭಾನುವಾರ ನನಗೆ ಬೇಕಾಗಿಲ್ಲ. ಸೋಮವಾರನೂ ಬೇಡ."

ಅವನು ಏನೋ ಹೇಳಲು ಬಾಯಿ ತೆರೆದ.

ಧಡಾರ್!!

ನೆಲ ಅದುರಿತು. ಗಣಿಯ ಕಡೆಯಿಂದ ಕಪ್ಪು ಹೊಗೆ ಎದ್ದಿತು, ಬಯಲಿನ ಹಕ್ಕಿಗಳೆಲ್ಲ ಒಮ್ಮೆಗೇ ಹಾರಿದವು. ಇನ್ನೂರು ವರ್ಷ ಕಾದು ಕೂತಿದ್ದ ಸದ್ದು. ಬೆಳಿಗ್ಗೆ ಐದು ಬೀದಿಯುದ್ದಕ್ಕೂ ಅವಳ ಕಿವಿ ಕಾದಿದ್ದ ಸದ್ದು. ಅದು ಬಂದಾಗ ಅವನು ಅವಳ ಪಕ್ಕದಲ್ಲೇ ಇದ್ದ.

ಒಂದು ಮೊಳದ ಅಂತರ ಎಲ್ಲಿ ಹೋಯಿತೋ! ಅವಳ ಎರಡೂ ಕೈಗಳನ್ನು ಅವನೇ ಬಿಗಿಯಾಗಿ ಹಿಡಿದುಕೊಂಡಿದ್ದ.

ಹೊಗೆ ನಿಧಾನವಾಗಿ ತೆಳುವಾಯಿತು.

"ಹೆದರಿದ್ರಾ?" ಎಂದಳು ಮೆಲ್ಲಗೆ.

"ಹೂಂ. ನೀವು?"

"ನನಗೆ ಇನ್ನೂ ಇದೆ ಭಯ."

"ಎಲ್ಲ ಮುಗೀತಲ್ಲ. ಇನ್ನೇನಕ್ಕೆ?"

"ಒಂದು ಮಾತು ಕೇಳೋದಿದೆ. ನೀವು ಒಪ್ತೀರೋ ಇಲ್ವೋ ಅಂತ..."

"ಒಪ್ಪಿದೆ."

"ಇನ್ನೂ ಕೇಳೇ ಇಲ್ಲ ನಾನು!"

"ಕೇಳಿ ನಿಧಾನಕ್ಕೆ" ಎಂದ ಅವನು, ಕೈ ಬಿಡದೆ. "ನಿಮಗೆ ಧೈರ್ಯ ಬಂದಾಗ ಕೇಳಿ. ಉತ್ತರಕ್ಕೆ ಮಾತ್ರ ಹೆದರಬೇಡಿ."